ಮೈಗ್ರೇನ್: ಮಾತ್ರೆಗೆ ಹೊತ್ತಿದೆ, ಲೆಕ್ಕವೂ ಇದೆ

"ಪಿತ್ತ ಜಾಸ್ತಿಯಾಗಿದೆ, ಒಂದ್ಸಲ ವಾಂತಿಯಾದ್ರೆ ಸರಿಹೋಗುತ್ತೆ." ನಮ್ಮ ಮನೆಗಳಲ್ಲಿ ಒಂದು ಪಕ್ಕದ ತಲೆನೋವಿಗೆ ಸಿಗುವ ಮೊದಲ ವಿವರಣೆ ಇದು. ಅದಾದ ಮೇಲೆ ಗ್ಯಾಸ್ ತಲೆಗೇರಿದೆ ಅನ್ನುತ್ತಾರೆ, ಸೈನಸ್ ಅನ್ನುತ್ತಾರೆ, ಕನ್ನಡಕದ ನಂಬರ್ ಬದಲಾಗಿರಬೇಕು ಅನ್ನುತ್ತಾರೆ. ಹೀಗೆ ಹೆಸರು ಬದಲಾಗುತ್ತಲೇ ವರ್ಷಗಳು ಕಳೆಯುತ್ತವೆ. ತಿಂಗಳಿಗೆ ಎರಡು ಮೂರು ಸಲ ತಲೆಗೆ ಬಟ್ಟೆ ಬಿಗಿದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗುವ ಎಷ್ಟೋ ಜನಕ್ಕೆ ತಮಗಿರುವುದು ಮೈಗ್ರೇನ್ ಎಂದು ಯಾರೂ ಹೇಳಿಯೇ ಇರುವುದಿಲ್ಲ.

ಇದು ಅಪರೂಪದ ಕಾಯಿಲೆಯೇನಲ್ಲ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ವಯಸ್ಕರನ್ನು ಮಾತಾಡಿಸಿ ಮಾಡಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದವರ ಪ್ರಮಾಣ ಅದರಲ್ಲಿ ಶೇ. 25.2. ಅಂದರೆ ನಾಲ್ವರಲ್ಲಿ ಒಬ್ಬರು. ಹೆಂಗಸರಲ್ಲಿ ಇನ್ನೂ ಹೆಚ್ಚು.

ಇಷ್ಟು ಜನರನ್ನು ಕಾಡುವ ನೋವಿಗೆ ಒಳ್ಳೆಯ ಔಷಧಗಳಿವೆ, ಅವುಗಳಲ್ಲಿ ಬಹುಪಾಲು ಅಗ್ಗವಾದವು. ಆದರೂ ನೋವು ಹಿಡಿತಕ್ಕೆ ಬರದೆ ಹೋಗುವುದಕ್ಕೆ ಮುಖ್ಯ ಕಾರಣ ಔಷಧ ಬಳಸುವ ರೀತಿ. ಮಾತ್ರೆಯನ್ನು ತಡವಾಗಿ ನುಂಗುತ್ತೇವೆ, ಸಾಲದಷ್ಟು ನುಂಗುತ್ತೇವೆ, ಆದರೆ ತಿಂಗಳಲ್ಲಿ ತೀರಾ ಹೆಚ್ಚು ದಿನ ನುಂಗುತ್ತೇವೆ. ಈ ಬರಹದ ಬಹುಭಾಗ ಈ ಮೂರನ್ನು ಕುರಿತದ್ದು.

ಮೊದಲು, ಇದು ಮೈಗ್ರೇನೇ ಹೌದೇ?

ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ನಂಬುವುದು ರೋಗಿ ಹೇಳುವ ವಿವರವನ್ನೇ. ಔಷಧವಿಲ್ಲದೆ ಬಿಟ್ಟರೆ ನೋವು 4ರಿಂದ 72 ಗಂಟೆ ಇರಬೇಕು. ನಾಲ್ಕು ಗುಣಗಳಲ್ಲಿ ಕನಿಷ್ಠ ಎರಡು ಕಾಣಬೇಕು: ತಲೆಯ ಒಂದೇ ಪಕ್ಕಕ್ಕೆ ಬರುವುದು, ನಾಡಿ ಬಡಿದಂತೆ ಮಿಡಿಯುವುದು, ಕೆಲಸ ಕೆಡಿಸುವಷ್ಟು ಜೋರಾಗಿರುವುದು, ಮೆಟ್ಟಿಲು ಹತ್ತಿದರೆ ಅಥವಾ ಓಡಾಡಿದರೆ ಹೆಚ್ಚುವುದು. ಇದರ ಜೊತೆಗೆ ಹೊಟ್ಟೆ ತೊಳಸುವುದು ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಂತಿರಬೇಕು. ಇಂಥ ನೋವು ಕನಿಷ್ಠ ಐದು ಸಲ ಬಂದಿದ್ದು, ಬೇರೆ ಕಾರಣ ಕಾಣದಿದ್ದರೆ ಅದು ಮೈಗ್ರೇನ್. ಎರಡೂ ಪಕ್ಕ ನೋಯುವುದರಿಂದ ಮೈಗ್ರೇನ್ ಅಲ್ಲ ಎಂದುಕೊಳ್ಳಬೇಡಿ, ಹಾಗೂ ಬರುತ್ತದೆ.

ಸೈನಸ್ ಬಗ್ಗೆ ಒಂದು ಮಾತು. ಮೈಗ್ರೇನ್ ಹೊತ್ತಿನಲ್ಲಿ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು, ಹಣೆ ಮತ್ತು ಕೆನ್ನೆ ಭಾರವಾಗುವುದು ಸಾಮಾನ್ಯ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮದು ಸೈನಸ್ ತಲೆನೋವು ಎಂದು ಹೇಳಿಕೊಂಡು ಬಂದ 2,991 ಜನರಲ್ಲಿ ಶೇ. 88ರಷ್ಟು ಮಂದಿಯ ಲಕ್ಷಣಗಳು ಮೈಗ್ರೇನಿಗೇ ಹೊಂದುತ್ತಿದ್ದವು. ಜ್ವರವಿಲ್ಲ, ಮೂಗಿನಿಂದ ಗಟ್ಟಿ ಹಳದಿ ಸಿಂಬಳವಿಲ್ಲ, ನೋವು ಮಾತ್ರ ತಿಂಗಳಿಗೆ ಮೂರು ಸಲ ಬಂದು ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ ಎಂದಾದರೆ ಆಂಟಿಬಯೋಟಿಕ್ ನುಂಗುವ ಮುಂಚೆ ಮೈಗ್ರೇನ್ ಬಗ್ಗೆ ಯೋಚಿಸಿ.

ನೋವು ಶುರುವಾಗುವ ಕೆಲವು ಗಂಟೆ, ಒಮ್ಮೊಮ್ಮೆ ಒಂದೆರಡು ದಿನ ಮೊದಲೇ ದೇಹ ಸುಳಿವು ಕೊಡುತ್ತದೆ: ಮೇಲಿಂದ ಮೇಲೆ ಆಕಳಿಕೆ, ಕತ್ತು ಬಿಗಿತ, ಸಿಡಿಮಿಡಿ, ಸಿಹಿ ತಿನ್ನುವ ಆಸೆ, ಪದೇಪದೇ ಮೂತ್ರ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಮಿನುಗು ಗೆರೆಗಳು ಹುಟ್ಟಿ ನಿಧಾನವಾಗಿ ಹರಡುತ್ತವೆ, ನಡುವೆ ಅಕ್ಷರಗಳು ಕಾಣದಾಗುತ್ತವೆ. ಇದು ಔರಾ. 5 ನಿಮಿಷದಿಂದ ಒಂದು ಗಂಟೆಯೊಳಗೆ ಮಾಯವಾಗುತ್ತದೆ. ಕೆಲವರಿಗೆ ಬೆರಳುಗಳಿಂದ ಶುರುವಾದ ಜೋಮು ಮೆಲ್ಲನೆ ತುಟಿಯವರೆಗೆ ಏರುತ್ತದೆ. ಔರಾ ನಿಧಾನವಾಗಿ ಹರಡುತ್ತದೆ, ಪಾರ್ಶ್ವವಾಯು ಒಮ್ಮೆಲೇ ಬಡಿಯುತ್ತದೆ. ಈ ವ್ಯತ್ಯಾಸ ನೆನಪಿರಲಿ. ಆದರೆ ಜೀವನದಲ್ಲಿ ಮೊದಲ ಸಲ ಹೀಗಾದಾಗ ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ.

ತಲೆಯೊಳಗೆ ನಡೆಯುವುದೇನು?

ಮಿದುಳಿನ ಹೊರಪದರದ ಮೇಲೆ ವಿದ್ಯುತ್ ಚಟುವಟಿಕೆಯ ಒಂದು ಅಲೆ ಎದ್ದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತದೆ, ಅದರ ಹಿಂದೆಯೇ ಚಟುವಟಿಕೆ ಕುಗ್ಗುತ್ತದೆ. ಔರಾದ ಗೆರೆಗಳು ಅಷ್ಟು ನಿಧಾನವಾಗಿ ಹರಡುವುದು ಇದರಿಂದಲೇ. ನೋವು ಹುಟ್ಟುವುದು ಮುಖ ಮತ್ತು ಮಿದುಳಿನ ಪೊರೆಗಳಿಗೆ ಹಬ್ಬಿರುವ ಟ್ರೈಜೆಮಿನಲ್ ನರದ ಎಳೆಗಳಿಂದ. ಅವು ಕೆರಳಿದಾಗ ಸಿಜಿಆರ್‌ಪಿ ಎಂಬ ಪ್ರೋಟೀನ್ ತುಣುಕನ್ನು ಸುರಿಸುತ್ತವೆ, ಅದು ರಕ್ತನಾಳಗಳನ್ನು ಹಿಗ್ಗಿಸಿ ನೋವಿನ ಸಂಕೇತವನ್ನು ಜೋರಾಗಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ವಿಜ್ಞಾನಿಗಳಾದ ಎಡ್ವಿನ್ಸನ್, ಗೋಡ್ಸ್‌ಬಿ, ಮಾಸ್ಕೋವಿಟ್ಜ್ ಮತ್ತು ಓಲೆಸನ್ ಅವರಿಗೆ ಮಿದುಳು ಸಂಶೋಧನೆಗೆ ಕೊಡುವ ಬ್ರೇನ್ ಪ್ರೈಜ್ 2021ರಲ್ಲಿ ಸಿಕ್ಕಿತು.

ಪಿತ್ತದ ಮಾತಿಗೆ ಬರೋಣ. ವಾಂತಿಯಾದ ಮೇಲೆ ತಲೆನೋವು ಇಳಿಯುವುದು ನಿಜ, ಅನೇಕರ ಅನುಭವ ಅದು. ಆದರೆ ಆ ಓಕರಿಕೆ ಮಿದುಳಿನಿಂದ ಬಂದದ್ದು. ಮೈಗ್ರೇನ್ ನಡೆಯುತ್ತಿರುವಾಗ ಜಠರದ ಚಲನೆ ಮಂದವಾಗುತ್ತದೆ, ಆದ್ದರಿಂದ ತಿಂದದ್ದು ಅಲ್ಲೇ ಉಳಿಯುತ್ತದೆ, ಕೊನೆಗೆ ಹಳದಿ ಕಹಿ ನೀರು ಬರುತ್ತದೆ. ಚಿಕಿತ್ಸೆಗೆ ಇದು ಬಹಳ ಮುಖ್ಯವಾದ ಸಂಗತಿ. ನೋವು ತಾರಕಕ್ಕೇರಿದ ಮೇಲೆ ನುಂಗಿದ ಮಾತ್ರೆಯೂ ಅದೇ ಜಠರದಲ್ಲಿ ಕೂತಿರುತ್ತದೆ, ಕರುಳಿಗೆ ಇಳಿದು ರಕ್ತಕ್ಕೆ ಸೇರುವುದು ತಡವಾಗುತ್ತದೆ.

ನೋವು ಬಂದ ಹೊತ್ತಿನ ಮಾತ್ರೆ

"ಇನ್ನೂ ಸ್ವಲ್ಪ ತಡೆದು ನೋಡೋಣ" ಎನ್ನುವ ಅಭ್ಯಾಸವೇ ಇಲ್ಲಿ ಶತ್ರು. ಇದು ಮೈಗ್ರೇನೇ ಎಂದು ಖಚಿತವಾದ ತಕ್ಷಣ, ನೋವು ಇನ್ನೂ ಸಣ್ಣದಿರುವಾಗಲೇ, ಸಾಧ್ಯವಾದರೆ ಮೊದಲ ಅರ್ಧ ಗಂಟೆಯೊಳಗೆ ಮಾತ್ರೆ ಹೊಟ್ಟೆ ಸೇರಬೇಕು. ಅದಕ್ಕಾಗಿ ಮಾತ್ರೆ ಮನೆಯ ಕಪಾಟಿನಲ್ಲಿದ್ದರೆ ಸಾಲದು, ಬ್ಯಾಗಿನಲ್ಲಿ, ಆಫೀಸಿನ ಡ್ರಾಯರಿನಲ್ಲಿ ಇರಬೇಕು.

ಎರಡನೆಯದು ಪ್ರಮಾಣ. 500ರ ಒಂದು ಪ್ಯಾರಾಸಿಟಮಾಲ್ ವಯಸ್ಕರ ಮೈಗ್ರೇನಿಗೆ ಸಾಲುವುದಿಲ್ಲ. 50 ಕಿಲೋಗಿಂತ ಹೆಚ್ಚು ತೂಕವಿದ್ದು ಲಿವರ್ ಸರಿಯಾಗಿರುವವರಿಗೆ ಒಂದು ಹೊತ್ತಿನ ಪೂರ್ಣ ಪ್ರಮಾಣ 1000 ಮಿ.ಗ್ರಾಂ, ಅಂದರೆ 500ರ ಎರಡು ಮಾತ್ರೆ. ದಿನಕ್ಕೆ 4 ಗ್ರಾಂ ದಾಟಬಾರದು, ಕುಡಿಯುವ ಅಭ್ಯಾಸವಿದ್ದವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ ಲೆಕ್ಕಕ್ಕೆ ಸೇರಿಸಿ. ಮಧ್ಯಮ ನೋವಿಗೆ ಐಬುಪ್ರೊಫೆನ್ 400 ಮಿ.ಗ್ರಾಂ ಅಥವಾ ನ್ಯಾಪ್ರೋಕ್ಸೆನ್ 500 ಮಿ.ಗ್ರಾಂ ಹೆಚ್ಚು ಪರಿಣಾಮಕಾರಿ. ನೋವು ಮರುದಿನ ಮರಳಿ ಬರುವವರಿಗೆ ನಾನು ನ್ಯಾಪ್ರೋಕ್ಸೆನ್ ಪರ, ಏಕೆಂದರೆ ಅದು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಜಠರದ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇರುವವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಈ ಎರಡನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಮೂರನೆಯದು ಆ ಮಂದವಾದ ಜಠರ. ಡೊಂಪೆರಿಡೋನ್ 10 ಮಿ.ಗ್ರಾಂ ಅಥವಾ ಮೆಟೊಕ್ಲೊಪ್ರಮೈಡ್ 10 ಮಿ.ಗ್ರಾಂ ನೋವಿನ ಮಾತ್ರೆಯ ಜೊತೆಗೆ ಕೊಟ್ಟರೆ ವಾಂತಿ ನಿಲ್ಲುವುದಷ್ಟೇ ಅಲ್ಲ, ನೋವಿನ ಮಾತ್ರೆಯೂ ಬೇಗ ಕರುಳಿಗೆ ಇಳಿಯುತ್ತದೆ. ವಾಂತಿ ಇಲ್ಲದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ. ಮೆಟೊಕ್ಲೊಪ್ರಮೈಡ್ ಕೆಲವರಲ್ಲಿ, ಅದರಲ್ಲೂ ಎಳೆಯರಲ್ಲಿ, ಕತ್ತು ಮತ್ತು ದವಡೆ ತಿರುಚಿಕೊಳ್ಳುವಂತೆ ಮಾಡಬಹುದು. ಹೃದಯ ಬಡಿತದ ಲಯದಲ್ಲಿ ತೊಂದರೆ ಇರುವವರಿಗೆ ಡೊಂಪೆರಿಡೋನ್ ಬೇಡ.

ಇಷ್ಟಕ್ಕೂ ಬಗ್ಗದಿದ್ದರೆ ಟ್ರಿಪ್ಟಾನ್‌ಗಳು. ಇವು ಸಾಮಾನ್ಯ ನೋವಿನ ಮಾತ್ರೆಗಳಲ್ಲ, ಮೈಗ್ರೇನಿಗೆಂದೇ ಹುಟ್ಟಿದವು. ಮೊದಲನೆಯದಾದ ಸುಮಾಟ್ರಿಪ್ಟಾನ್ 1991ರಲ್ಲಿ ಮಾರುಕಟ್ಟೆಗೆ ಬಂತು. ಸುಮಾಟ್ರಿಪ್ಟಾನ್ 50 ಅಥವಾ 100 ಮಿ.ಗ್ರಾಂ, ರಿಜಾಟ್ರಿಪ್ಟಾನ್ 10 ಮಿ.ಗ್ರಾಂ, ಇವೆರಡೂ ನಮ್ಮಲ್ಲಿ ವೈದ್ಯರ ಚೀಟಿಗೆ ಸಿಗುತ್ತವೆ. ಔರಾ ಇರುವವರು ಔರಾ ಹೊತ್ತಿನಲ್ಲಲ್ಲ, ನೋವು ಶುರುವಾದಾಗ ತೆಗೆದುಕೊಳ್ಳಬೇಕು. ನೋವು ಇಳಿದು ಮರಳಿ ಬಂದರೆ ಎರಡು ಗಂಟೆಯ ನಂತರ ಇನ್ನೊಂದು ತೆಗೆದುಕೊಳ್ಳಬಹುದು. ಮೊದಲ ಮಾತ್ರೆಯಿಂದ ಏನೂ ಆಗದಿದ್ದರೆ ಅದೇ ನೋವಿಗೆ ಎರಡನೆಯದರಿಂದಲೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಟ್ರಿಪ್ಟಾನ್ ಜೊತೆ ನ್ಯಾಪ್ರೋಕ್ಸೆನ್ ಸೇರಿಸಿದರೆ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಯಲ್ಲೇ ಕರಗುವ ಮಾತ್ರೆ ನೀರಿಲ್ಲದೆ ನುಂಗಲು ಅನುಕೂಲ, ಆದರೆ ಅದೂ ರಕ್ತಕ್ಕೆ ಸೇರುವುದು ಕರುಳಿನಿಂದಲೇ, ಹಾಗಾಗಿ ಹೆಚ್ಚು ವೇಗ ನಿರೀಕ್ಷಿಸಬೇಡಿ. ಕೂಡಲೇ ವಾಂತಿಯಾಗುವವರಿಗೆ ಮೂಗಿನ ಸ್ಪ್ರೇ ಅಥವಾ ಚರ್ಮದಡಿಯ ಇಂಜೆಕ್ಷನ್ ಸರಿ.

ಟ್ರಿಪ್ಟಾನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೃದಯಾಘಾತ, ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು), ಪಾರ್ಶ್ವವಾಯು ಆದವರಿಗೂ ಹತೋಟಿಯಲ್ಲಿಲ್ಲದ ಬಿ.ಪಿ. ಇರುವವರಿಗೂ ಇದು ನಿಷಿದ್ಧ. ಪ್ರೊಪ್ರನಲಾಲ್ (ಬಿ.ಪಿ.ಗೂ ಮೈಗ್ರೇನ್ ತಡೆಗೂ ಕೊಡುವ ಔಷಧ) ತಿನ್ನುವವರಲ್ಲಿ ರಿಜಾಟ್ರಿಪ್ಟಾನ್ ರಕ್ತದಲ್ಲಿ ಹೆಚ್ಚು ಸೇರುವುದರಿಂದ 5 ಮಿ.ಗ್ರಾಂ ಮಾತ್ರ.

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹಳೆಯ ರೂಢಿಯಿಂದ ಈಗಲೂ ಓಡುವ ಇನ್ನೊಂದು ಬಗೆ ಎರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಮತ್ತು ವಾಂತಿಯ ಔಷಧ ಒಟ್ಟಿಗೆ ಇರುವ ಮಾತ್ರೆ. ಇದರ ಬಗ್ಗೆ ನನಗೆ ನಿಜವಾದ ಆತಂಕವಿದೆ. ಎರ್ಗೊಟಮಿನ್ ಟ್ರಿಪ್ಟಾನ್‌ಗಿಂತ ಹೆಚ್ಚು ಹೊತ್ತು ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯೋಟಿಕ್ ಜೊತೆ ಸೇರಿದರೆ ಕೈಕಾಲಿನ ಬೆರಳುಗಳಿಗೆ ರಕ್ತ ನಿಂತು ಕೊಳೆಯುವ ಅಪಾಯವಿದೆ. ಗರ್ಭಿಣಿಯರಿಗೆ ಸಲ್ಲದು. ಟ್ರಿಪ್ಟಾನ್ ಮತ್ತು ಇದರ ನಡುವೆ 24 ಗಂಟೆಯ ಅಂತರ ಬೇಕು. ಚೀಟಿಯಿಲ್ಲದೆ "ಆ ಮೈಗ್ರೇನ್ ಮಾತ್ರೆ ಕೊಡಿ" ಎಂದು ಕೇಳಿ ತಿನ್ನುವ ಪದಾರ್ಥ ಇದಲ್ಲ.

ಲೆಕ್ಕ

ನೋವಿನ ಮಾತ್ರೆಯೇ ನೋವಿಗೆ ಕಾರಣವಾಗಬಹುದು ಎಂದರೆ ಹೆಚ್ಚಿನವರು ನಂಬುವುದಿಲ್ಲ. ಆದರೆ ಮೈಗ್ರೇನ್ ಇರುವವರಲ್ಲಿ ಹೀಗಾಗುವುದು ಚೆನ್ನಾಗಿ ದಾಖಲಾದ ಸಂಗತಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಔಷಧಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್, ಎರ್ಗೊಟಮಿನ್, ಟ್ರಮಡಾಲ್ (ಅಫೀಮಿನ ಬಗೆಯ ನೋವಿನ ಮಾತ್ರೆ) ಅಥವಾ ಕೆಫೀನ್ ಬೆರೆತ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿ ತಿಂದರೆ ತಲೆನೋವು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಕೂತುಬಿಡುತ್ತದೆ. ಮೊದಲು ಒಂದು ಪಕ್ಕ ಮಿಡಿಯುತ್ತಿದ್ದ ನೋವು ಈಗ ಬೆಳಗ್ಗೆ ಎದ್ದಾಗಲೇ ಇಡೀ ತಲೆಯಲ್ಲಿ ಮಂಕಾಗಿ ಇರುತ್ತದೆ. ಮಾತ್ರೆ ತಿಂದರೆ ಮೂರು ಗಂಟೆ ಆರಾಮ, ಆಮೇಲೆ ಮತ್ತೆ.

ಎಣಿಸಬೇಕಾದದ್ದು ಮಾತ್ರೆಗಳ ಸಂಖ್ಯೆಯನ್ನಲ್ಲ, ಮಾತ್ರೆ ತಿಂದ ದಿನಗಳನ್ನು. ಒಂದೇ ದಿನ ಎರಡು ತಿಂದರೂ ಅದು ಒಂದು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿದ್ದ ದಿನಕ್ಕೆ ಒಂದು ಚುಕ್ಕೆ, ಮಾತ್ರೆ ತಿಂದ ದಿನಕ್ಕೆ ಒಂದು ಗೀಟು ಹಾಕಿದರೆ ಸಾಕು. ವಾರಕ್ಕೆ ಎರಡು ದಿನದ ಮಿತಿ ಹಾಕಿಕೊಂಡರೆ ಯಾವ ಔಷಧವಾದರೂ ಅಪಾಯದ ಗೆರೆ ಮುಟ್ಟುವುದಿಲ್ಲ.

ಈಗಾಗಲೇ ಗೆರೆ ದಾಟಿದವರು ಮಾತ್ರೆ ನಿಲ್ಲಿಸಲೇಬೇಕು. ಸಾಮಾನ್ಯ ನೋವಿನ ಮಾತ್ರೆ, ಟ್ರಿಪ್ಟಾನ್‌ಗಳನ್ನು ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್ ಜಾತಿಯವನ್ನು ವೈದ್ಯರ ನಿಗಾದಲ್ಲಿ ನಿಧಾನವಾಗಿ ಇಳಿಸಬೇಕು. ನಿಲ್ಲಿಸಿದ ಮೊದಲ ಎರಡರಿಂದ ಹತ್ತು ದಿನ ನೋವು ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಓಕರಿಕೆ ಬರುತ್ತದೆ. ಬಹಳಷ್ಟು ಜನ ಸೋಲುವುದು ಇಲ್ಲೇ. ಇದು ಮೊದಲೇ ಗೊತ್ತಿದ್ದು, ಆ ವಾರ ರಜೆ ಹಾಕಿ, ಅದೇ ಹೊತ್ತಿಗೆ ತಡೆಗಟ್ಟುವ ಔಷಧ ಶುರುಮಾಡಿದ್ದರೆ ದಾಟುವುದು ಸಾಧ್ಯ. ಕಾಫಿಯನ್ನೂ ಈ ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಬರುತ್ತದೆ. ಭಾನುವಾರ ತಡವಾಗಿ ಎದ್ದಾಗ ಬರುವ ನೋವಿನಲ್ಲಿ ಇದರ ಪಾಲೂ ಇರುತ್ತದೆ.

ಬರದಂತೆ ತಡೆಯುವುದು

ತಿಂಗಳಿಗೆ ನಾಲ್ಕು ದಿನ ಅಥವಾ ಹೆಚ್ಚು ನೋವಿದ್ದರೆ, ಅಥವಾ ನೋವು ಕಡಿಮೆ ದಿನ ಬಂದರೂ ಯಾವ ಮಾತ್ರೆಗೂ ಬಗ್ಗದಿದ್ದರೆ, ದಿನವೂ ತೆಗೆದುಕೊಳ್ಳುವ ತಡೆ ಔಷಧದ ಮಾತು ಬರುತ್ತದೆ. ಇಲ್ಲಿ ಒಂದೇ ಔಷಧ ಎಲ್ಲರಿಗೂ ಹೊಂದುವುದಿಲ್ಲ. ಜೊತೆಗಿರುವ ಬೇರೆ ತೊಂದರೆ ನೋಡಿ ಆರಿಸುವುದೇ ಜಾಣತನ. ಪ್ರೊಪ್ರನಲಾಲ್ (ದಿನಕ್ಕೆ 40ರಿಂದ 160 ಮಿ.ಗ್ರಾಂ) ಬಿ.ಪಿ. ಅಥವಾ ಎದೆಬಡಿತದ ಗಾಬರಿ ಇರುವವರಿಗೆ ಅನುಕೂಲ, ಅಸ್ತಮಾ ಇರುವವರಿಗೆ ಕೊಡಲೇಬಾರದು, ದಿಢೀರನೆ ನಿಲ್ಲಿಸಬಾರದು. ನಿದ್ದೆ ಬಾರದವರಿಗೆ, ಕತ್ತು ಭುಜ ಬಿಗಿಯುವವರಿಗೆ ಅಮಿಟ್ರಿಪ್ಟಿಲಿನ್. ರಾತ್ರಿ 10 ಮಿ.ಗ್ರಾಂನಿಂದ ಶುರು. ಬೆಳಗ್ಗೆ ಮಂಪರು ಉಳಿದರೆ ಮಲಗುವಾಗ ತೆಗೆದುಕೊಳ್ಳುವ ಬದಲು ಎಂಟು ಗಂಟೆಗೇ ತೆಗೆದುಕೊಳ್ಳಿ. ಬಾಯಿ ಒಣಗುತ್ತದೆ, ತೂಕ ಏರಬಹುದು.

ಟೊಪಿರಾಮೇಟ್ 25 ಮಿ.ಗ್ರಾಂನಿಂದ ವಾರಕ್ಕೆ 25ರಂತೆ ಏರಿಸಿ 100ಕ್ಕೆ ನಿಲ್ಲಿಸುತ್ತಾರೆ. ತೂಕ ಇಳಿಸುತ್ತದೆ, ಬೆರಳುಗಳಲ್ಲಿ ಜುಮುಜುಮು ಬರುತ್ತದೆ, ಕೆಲವರಿಗೆ ಮಾತಿನ ನಡುವೆ ಪದ ಹೊಳೆಯುವುದಿಲ್ಲ. ಕಿಡ್ನಿಯಲ್ಲಿ ಕಲ್ಲಾದವರಿಗೆ ಸಲ್ಲದು. ನಮ್ಮಲ್ಲಿ ತುಂಬಾ ಬರೆಯುವ ಫ್ಲುನರಿಜಿನ್ ರಾತ್ರಿ 5 ಅಥವಾ 10 ಮಿ.ಗ್ರಾಂ ಒಳ್ಳೆಯ ಔಷಧವೇ, ಆದರೆ ತೂಕ ಏರಿಸುತ್ತದೆ, ಮನಸ್ಸು ಕುಗ್ಗಿಸಬಹುದು, ವಯಸ್ಸಾದವರಲ್ಲಿ ಕೈನಡುಕ ಮತ್ತು ನಡಿಗೆಯ ಬಿಗಿತ ತರಬಹುದು. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡು ತಿನ್ನುವುದು ತಪ್ಪು. ವಾಲ್‌ಪ್ರೊಯೇಟ್ (ಇದೂ ಒಂದು ತಡೆ ಔಷಧ) ಮತ್ತು ಟೊಪಿರಾಮೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಇವನ್ನು ಬರೆದಿದ್ದರೆ ಆ ಪ್ರಶ್ನೆಯನ್ನು ನೀವೇ ಎತ್ತಿ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ತಾಳ್ಮೆ. "ಹದಿನೈದು ದಿನ ತಿಂದೆ, ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಸರಿಯಾದ ಪ್ರಮಾಣ ಮುಟ್ಟಿದ ಮೇಲೆ ಎಂಟರಿಂದ ಹನ್ನೆರಡು ವಾರ ಕಳೆಯದೆ ತೀರ್ಪು ಕೊಡಲಾಗದು. ನೋವಿನ ದಿನ ಅರ್ಧಕ್ಕಿಳಿದರೆ ಔಷಧ ಗೆದ್ದಿದೆ ಎಂದೇ ಅರ್ಥ. ಪೂರ್ತಿ ನಿಲ್ಲಲಿಲ್ಲವೆಂದು ಬಿಡಬೇಡಿ. ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ವೈದ್ಯರ ಜೊತೆ ಮಾತಾಡಿ ಮೆಲ್ಲನೆ ಇಳಿಸುವುದು ಕ್ರಮ.

ಇವಕ್ಕೂ ಬಗ್ಗದವರಿಗೆ ಸಿಜಿಆರ್‌ಪಿಯ ಕೆಲಸವನ್ನೇ ತಡೆಯುವ ಇಂಜೆಕ್ಷನ್‌ಗಳಿವೆ. ಮೊದಲನೆಯದಾದ ಎರೆನುಮ್ಯಾಬ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ತಿಂಗಳಿಗೊಮ್ಮೆ ಚರ್ಮದಡಿ 70 ಅಥವಾ 140 ಮಿ.ಗ್ರಾಂ. ಅಡ್ಡ ಪರಿಣಾಮ ಕಡಿಮೆ, ಮಲಬದ್ಧತೆ ಮುಖ್ಯವಾದದ್ದು. ಬೆಲೆ ಮಾತ್ರ ಸಾವಿರಗಳಲ್ಲಿ. ತಿಂಗಳಿಗೆ 15 ದಿನ ಅಥವಾ ಹೆಚ್ಚು ನೋವಿರುವವರಿಗೆ ಬೊಟಾಕ್ಸ್ ಇಂಜೆಕ್ಷನ್: ಹಣೆ, ಹಣೆಯ ಪಕ್ಕದ ಕಣತಲೆ, ತಲೆಯ ಹಿಂಭಾಗ, ಕತ್ತು, ಭುಜದ 31 ಜಾಗಗಳಲ್ಲಿ ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ.

ಔಷಧವಲ್ಲದ ದಾರಿಗಳಲ್ಲಿ ನಮ್ಮ ದೇಶದ ಒಂದು ಅಧ್ಯಯನ ಹೇಳಲೇಬೇಕು. ದೆಹಲಿಯ ಏಮ್ಸ್ ವೈದ್ಯರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಮೂಲಿ ಔಷಧದ ಜೊತೆ ಮೂರು ತಿಂಗಳು ಯೋಗ ಮಾಡಿದವರಿಗೆ ಬರೀ ಔಷಧ ತಿಂದವರಿಗಿಂತ ನೋವಿನ ಸಲಗಳೂ ತೀವ್ರತೆಯೂ ಹೆಚ್ಚು ಇಳಿದವು. ಔಷಧ ಬಿಟ್ಟು ಯೋಗ ಎಂದು ಅದು ಹೇಳಲಿಲ್ಲ, ಜೊತೆಗೆ ಎಂದಿತು.

ಕೆರಳಿಸುವ ಸಂಗತಿಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಪಾಶ್ಚಾತ್ಯ ಪಟ್ಟಿಗಳಲ್ಲಿ ಇಲ್ಲದ್ದು ತಲೆಸ್ನಾನ. ಮುಂಬೈನ ತಲೆನೋವು ತಜ್ಞ ಕೆ. ರವಿಶಂಕರ್ 2006ರಲ್ಲಿ ತಲೆಗೆ ನೀರು ಹಾಕಿಕೊಂಡರೆ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ ಬರೆದರು. ಶುಕ್ರವಾರದ ತಲೆಸ್ನಾನದ ಸಂಜೆಯೇ ನೋವು ಬರುತ್ತದೆ ಎನ್ನುವ ಹೆಂಗಸಿನ ಮಾತನ್ನು ತಳ್ಳಿಹಾಕುವಂತಿಲ್ಲ. ಉಳಿದಂತೆ ಉಪವಾಸ, ಉರಿಬಿಸಿಲು, ನಿದ್ದೆಗೆಡುವುದು, ಸೆಂಟು ಮತ್ತು ಊದುಬತ್ತಿಯ ವಾಸನೆ ಹೆಚ್ಚು ಜನರನ್ನು ಕಾಡುತ್ತವೆ. ಸಂಕಷ್ಟಿಗೆ ಚಂದ್ರೋದಯದವರೆಗೆ ಖಾಲಿ ಹೊಟ್ಟೆಯಲ್ಲಿರುವವರು ಹಾಲು, ಹಣ್ಣು, ನೀರನ್ನಾದರೂ ನಡುನಡುವೆ ತೆಗೆದುಕೊಳ್ಳಲಿ. ಚಾಕೊಲೇಟ್ ಮೇಲಿನ ಆರೋಪ ಅಷ್ಟು ಗಟ್ಟಿಯಲ್ಲ. ನೋವಿನ ಮುಂಚಿನ ಹಂತದಲ್ಲೇ ಸಿಹಿ ಬೇಕೆನಿಸುತ್ತದೆ, ತಿಂದದ್ದರಿಂದ ಬಂತೆಂದು ತಿಳಿಯುತ್ತೇವೆ.

ಹೆಂಗಸರಿಗೆ ಬೇರೆಯಾಗಿ ಹೇಳಬೇಕಾದದ್ದು

ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೇ ದಿನದವರೆಗೆ ಈಸ್ಟ್ರೊಜನ್ ಹಾರ್ಮೋನ್ ಇಳಿಯುವುದರಿಂದ ಹಲವರಿಗೆ ನೋವು ಬರುತ್ತದೆ, ಅದು ಹೆಚ್ಚು ಜೋರು, ಹೆಚ್ಚು ದಿನ. ಮುಟ್ಟು ಸಮಯಕ್ಕೆ ಸರಿಯಾಗಿ ಬರುವವರಿಗೆ ಆ ಐದಾರು ದಿನ ಮಾತ್ರ ನ್ಯಾಪ್ರೋಕ್ಸೆನ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ ಕೊಡುವ ಪದ್ಧತಿ ಇದೆ. ಔರಾ ಇರುವವರು ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಸ್ತ್ರೀರೋಗ ತಜ್ಞರು ಕೇಳದಿದ್ದರೂ ನೀವೇ ಹೇಳಿ. ಗರ್ಭಿಣಿಯರಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್. 20 ವಾರದ ನಂತರ ಐಬುಪ್ರೊಫೆನ್, ನ್ಯಾಪ್ರೋಕ್ಸೆನ್ ಬೇಡ.

ಕಾಯದೆ ಹೋಗಬೇಕಾದ ಹೊತ್ತು

ಒಂದು ನಿಮಿಷದೊಳಗೆ ತುತ್ತತುದಿಗೇರಿದ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲಲ್ಲಿ ಬಲ ಇಲ್ಲದಾಗುವುದು, ಮಾತು ತೊದಲುವುದು, ಫಿಟ್ಸ್, ತಲೆಗೆ ಪೆಟ್ಟು, ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು, ಇವಕ್ಕೆ ಆ ಹೊತ್ತಿಗೇ ಆಸ್ಪತ್ರೆ. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವು, ಕೆಮ್ಮಿದರೆ ಅಥವಾ ಮುಕ್ಕಿರಿದರೆ ಬರುವ ನೋವು, ವಾರದಿಂದ ವಾರಕ್ಕೆ ಏರುತ್ತಿರುವ ನೋವು, ಕ್ಯಾನ್ಸರ್ ಅಥವಾ ಎಚ್‌ಐವಿ ಇರುವವರ ಹೊಸ ನೋವು, ಇವನ್ನೂ ತಡಮಾಡದೆ ತೋರಿಸಬೇಕು. ಬಾಣಂತಿಯ ತಲೆನೋವನ್ನು "ಶೀತ, ಗಾಳಿ" ಎಂದು ಕಿವಿಗೆ ಹತ್ತಿ ಇಟ್ಟು ಕೂಡಿಸಬೇಡಿ. ಹೆರಿಗೆಯ ನಂತರದ ವಾರಗಳಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಿಜವಾದದ್ದು, ಬೇಗ ತಿಳಿದರೆ ಚಿಕಿತ್ಸೆ ಇದೆ.

ಇವು ಯಾವುದೂ ಇಲ್ಲದೆ ವರ್ಷಗಳಿಂದ ಒಂದೇ ಬಗೆಯ ನೋವು ಬರುತ್ತಿದ್ದು, ವೈದ್ಯರ ಪರೀಕ್ಷೆಯೂ ಸರಿಯಿದ್ದರೆ ಎಂಆರ್‌ಐ ಅಗತ್ಯವಿಲ್ಲ. ಆ ದುಡ್ಡಿನಲ್ಲಿ ಬಹಳ ಕಾಲದ ಔಷಧ ಬರುತ್ತದೆ.

ಮೊದಲು ಹೋಗಬೇಕಾದದ್ದು ಹತ್ತಿರದ ಫಿಸಿಷಿಯನ್ ಬಳಿ. ಎರಡು ತಡೆ ಔಷಧ ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ಕಾಲ ತಿಂದೂ ಸೋತರೆ ನರರೋಗ ತಜ್ಞರು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಗುವುದು ಐದು ನಿಮಿಷ. ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಕಳೆದ ಮೂರು ತಿಂಗಳಲ್ಲಿ ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ, ಯಾವ ಮಾತ್ರೆ ಎಷ್ಟು ಮಿ.ಗ್ರಾಂ, ನೋವು ಶುರುವಾಗಿ ಎಷ್ಟು ಹೊತ್ತಿಗೆ ತಿಂದಿರಿ, ಎರಡು ಗಂಟೆಯ ನಂತರ ಹೇಗಿತ್ತು, ಹಿಂದೆ ಯಾವ ಔಷಧ ಏಕೆ ಬಿಟ್ಟಿರಿ. ಔರಾ, ಮುಟ್ಟಿನ ದಿನಾಂಕ, ಅಸ್ತಮಾ, ಬಿ.ಪಿ., ಕಿಡ್ನಿ ಕಲ್ಲು, ಮಕ್ಕಳ ಯೋಜನೆ, ಇವನ್ನೂ ಸೇರಿಸಿ. ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.